ದಿಲ್ಲಿಯ ಕರಿಯೆಣ್ಣೆ

ದಿಲ್ಲಿಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅದರ ಸಿಂಹಾಸನಗಳ ಚರಿತ್ರೆಯನ್ನು ಬರೆದಿದ್ದಾರೆ. ತೋಮರರಿಂದ ಮೊದಲ್ಗೊಂಡು ಮೊಗಲರವರೆಗೆ, 1911ರ ಡಿಸೆಂಬರ್ ದರ್ಬಾರಿನಿಂದ 1947ರ ಆಗಸ್ಟಿನವರೆಗೆ, ಯಾರು ಬಂದರು, ಯಾರು ಹೋದರು, ಯಾವ ಕೋಟೆ ಎದ್ದಿತು, ಯಾವುದು ಬಿದ್ದಿತು ಎಂಬ ವಿವರಗಳಿಗೆ ಆ ಗ್ರಂಥಗಳಲ್ಲಿ ಕೊರತೆಯಿಲ್ಲ. ಆದರೆ ಈ ಮಹಾನಗರಕ್ಕೆ ದಿನಂಪ್ರತಿ ತರಕಾರಿಯನ್ನೂ ಹಾಲನ್ನೂ ಇಟ್ಟಿಗೆ ಸಿಮೆಂಟುಗಳನ್ನೂ ಹೊತ್ತು ತರುವ ಗಾಡಿಗಳನ್ನು ಯಾರು ಸಲಹಿದರು, ಅವುಗಳ ಅಡಿಯಲ್ಲಿ ಅಂಗಾತ ಮಲಗಿ ಅವುಗಳ ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸಿದ ಕೈಗಳು ಯಾರವು, ಆ ವಿದ್ಯೆ ಅವರಿಗೆ ಎಲ್ಲಿಂದ ಒದಗಿತು ಎಂಬುದನ್ನು ವಿಚಾರಿಸಿದವರು ವಿರಳ. ಬೆಳಗಿನ ಜಾವ ಆಜಾದ್‌ಪುರದ ಮಂಡಿಯ ಬಾಗಿಲಲ್ಲಿ ನಿಂತು ನೋಡಿದರೆ, ಸೋನಿಪತ್, ಪಾಣಿಪತ್, ಗಾಜಿಯಾಬಾದ್, ಫರೀದಾಬಾದ್ ಕಡೆಗಳಿಂದ ಹೂಕೋಸು ಮೂಲಂಗಿಗಳ ರಾಶಿಯನ್ನು ಹೇರಿಕೊಂಡು ಬರುವ ಡೀಸೆಲ್ ಪಿಕಪ್ಪುಗಳ ಸಾಲು ಕಣ್ಣಿಗೆ ಬೀಳುತ್ತದೆ. ಇವುಗಳಲ್ಲಿ ಅನೇಕವಕ್ಕೆ ಚಾಲಕನೇ ಒಡೆಯ. ಸಾಲದ ಕಂತು, ಮನೆಯ ಖರ್ಚು, ಮಕ್ಕಳ ಶಾಲೆ, ಎಲ್ಲವೂ ಆ ಒಂದು ಎಂಜಿನ್ನನ್ನು ನಂಬಿಕೊಂಡಿವೆ. ಅಂಥವನು ತನ್ನ ಗಾಡಿಯ ಎಣ್ಣೆಯನ್ನು ಮೊತ್ತಮೊದಲ ಬಾರಿಗೆ ತಾನೇ ಬದಲಿಸಿದ ದಿನ, ತಾನರಿಯದೆಯೇ, ಒಂದು ದೀರ್ಘ ಪರಂಪರೆಯ ಉತ್ತರಾಧಿಕಾರಿಯಾಗುತ್ತಾನೆ. ಆ ಪರಂಪರೆಯ ಕಥೆ ಹೇಳತಕ್ಕದ್ದೇ ಆಗಿದೆ.

ತಿರುಗುವ ಲೋಹಕ್ಕೆ ಎಣ್ಣೆ ಬೇಕೆಂಬ ಅರಿವು ನಮ್ಮ ನಾಡಿಗೆ ಎಂಜಿನ್ನಿನೊಡನೆ ಬಂದದ್ದಲ್ಲ. ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆಯನ್ನೂ ಮಸಿಯನ್ನೂ ಕಲಸಿದ ಕೀಲೆಣ್ಣೆಯನ್ನು ಹಚ್ಚದೆ ದೂರದ ಸಂತೆಗೆ ಹೊರಡುವ ರೈತನನ್ನು ಹಳೆಯ ಮೈಸೂರಿನ ಸೀಮೆಯಲ್ಲಾಗಲಿ ಗಂಗೆ ಯಮುನೆಗಳ ನಡುವಣ ದೋಆಬದ ಬಯಲಿನಲ್ಲಾಗಲಿ ಕಾಣುವುದು ಅಸಾಧ್ಯವಾಗಿತ್ತು. ಗಾಡಿಯ ಮೂಕಿಯ ಬಳಿ ಜೋತಾಡುತ್ತಿದ್ದ ಕೀಲೆಣ್ಣೆಯ ಬಿದಿರು ಗೊಟ್ಟ ಆ ಪ್ರಯಾಣದ ಅನಿವಾರ್ಯ ಸಂಗಾತಿ. ಆ ಹರಳೆಣ್ಣೆಯೇ ಯಂತ್ರಯುಗದ ಆರಂಭದಲ್ಲಿ ಲೋಕದ ಮೋಟಾರುಗಳಿಗೂ ವಿಮಾನಗಳಿಗೂ ಆಧಾರವಾಯಿತು. 1899ರಲ್ಲಿ ಚಾರ್ಲ್ಸ್ ಚಿಯರ್ಸ್ ವೇಕ್‌ಫೀಲ್ಡ್ ಎಂಬ ಆಂಗ್ಲ ವರ್ತಕನು ಸ್ಥಾಪಿಸಿದ ಕಂಪೆನಿಯು 1909ರಲ್ಲಿ ಖನಿಜತೈಲಕ್ಕೆ ಹರಳೆಣ್ಣೆಯನ್ನು ಬೆರೆಸಿ ಕ್ಯಾಸ್ಟ್ರಾಲ್ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ಮೊದಲನೆಯ ಮಹಾಯುದ್ಧದಲ್ಲಿ ಸುತ್ತುವ ಎಂಜಿನ್ನಿನ ವಿಮಾನಗಳು ಹರಳೆಣ್ಣೆಯನ್ನೇ ನೆಚ್ಚಿ ಹಾರಿದುವು. ನಮ್ಮ ಗಾಡಿಯವನು ಅಂಗೈಯಲ್ಲಿ ತಿಕ್ಕಿ ನೋಡುತ್ತಿದ್ದ ಜಿಡ್ಡಿನ ಗುಣ, ಎಂದರೆ ಕಾವೇರಿದರೂ ಲೋಹವನ್ನು ಬಿಟ್ಟು ಜಾರದ ಗುಣ, ಪ್ರಯೋಗಶಾಲೆಯ ಪಂಡಿತರಿಗೂ ಬೇಕಾಗಿದ್ದ ಗುಣವೇ ಆಗಿತ್ತು.

ಡೀಸೆಲ್ ಎಂಜಿನ್ನು ಈ ಹಳೆಯ ಅರಿವಿಗೆ ಒಂದು ಹೊಸ ಸಮಸ್ಯೆಯನ್ನು ಒಡ್ಡಿತು. 1858ರಲ್ಲಿ ಪ್ಯಾರಿಸಿನಲ್ಲಿ ಜನಿಸಿ 1913ರಲ್ಲಿ ಸಮುದ್ರಯಾನದ ನಡುವೆ ಕಣ್ಮರೆಯಾದ ಜರ್ಮನ್ ಎಂಜಿನಿಯರ್ ರುಡಾಲ್ಫ್ ಡೀಸೆಲ್, 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ತನ್ನ ಯಂತ್ರವನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಅದರಲ್ಲಿ ಕಿಡಿ ಹಾರಿಸುವ ಸಾಧನವಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಅದು ಅತಿಯಾಗಿ ಕಾದಾಗ ಇಂಧನವನ್ನು ಸಿಂಪಡಿಸಿದರೆ ತಾನೇ ಹತ್ತಿಕೊಳ್ಳುತ್ತದೆ. ಹೀಗೆ ಹತ್ತಿದ ಇಂಧನದಿಂದ ಹುಟ್ಟುವ ಸೂಕ್ಷ್ಮವಾದ ಮಸಿಯಲ್ಲಿ ಒಂದಂಶ ಉಂಗುರಗಳ ಸಂದಿನಿಂದ ಕೆಳಗಿಳಿದು ಎಣ್ಣೆಯನ್ನು ಸೇರುತ್ತದೆ. ಹಿಂದಿನ ಕಾಲದ ಶುದ್ಧ ಖನಿಜತೈಲಕ್ಕೆ ಈ ಮಸಿಯನ್ನು ತಾಳಿಕೊಳ್ಳುವ ಶಕ್ತಿಯಿರಲಿಲ್ಲ. ಮಸಿಯೂ ಅಂಟೂ ಕೂಡಿ ಪಿಸ್ಟನ್ನಿನ ಉಂಗುರಗಳು ತಮ್ಮ ತೋಡುಗಳಲ್ಲಿಯೇ ಬಿಗಿದುಕೊಂಡು ಎಂಜಿನ್ನುಗಳು ಕೆಡುತ್ತಿದ್ದುವು. 1930ರ ದಶಕದಲ್ಲಿ ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪೆನಿಯ ಡೀಸೆಲ್ ಟ್ರ್ಯಾಕ್ಟರುಗಳಿಗೆ ಈ ರೋಗ ವಿಪರೀತವಾಗಿ ಬಾಧಿಸಿದಾಗ, ಕ್ಯಾಲಿಫೋರ್ನಿಯದ ಸ್ಟ್ಯಾಂಡರ್ಡ್ ಆಯಿಲ್ ಸಂಸ್ಥೆಯ ರಸಾಯನಜ್ಞರು ಅದರ ನಿವಾರಣೆಗಾಗಿ ಮಾರ್ಜಕ ದ್ರವ್ಯಗಳನ್ನು ಬೆರೆಸಿದ ಎಣ್ಣೆಯನ್ನು ಸಿದ್ಧಪಡಿಸಿದರು. ಸೀಗೆಪುಡಿ ತಲೆಯ ಜಿಡ್ಡನ್ನು ಬಿಡಿಸಿ ನೀರಿನೊಡನೆ ಹರಿಯಗೊಡುವಂತೆ, ಈ ದ್ರವ್ಯಗಳು ಮಸಿಯನ್ನು ಲೋಹದಿಂದ ಬಿಡಿಸಿ ಎಣ್ಣೆಯಲ್ಲಿ ತೇಲಿಸಿ ಹಿಡಿದಿಡುತ್ತವೆ. ಆದಕಾರಣ ಹೊಸದಾಗಿ ಹುಯ್ದ ಎಣ್ಣೆಯು ಡೀಸೆಲ್ ಎಂಜಿನ್ನಿನಲ್ಲಿ ಸ್ವಲ್ಪಕಾಲದಲ್ಲಿಯೇ ಕಪ್ಪಾಗುವುದು ದೋಷವಲ್ಲ, ಅದು ತನ್ನ ಕರ್ತವ್ಯವನ್ನು ಮಾಡುತ್ತಿದೆಯೆಂಬುದಕ್ಕೆ ಪ್ರಮಾಣ. ಮಸಿಯನ್ನು ಹೊರುವ ಅದರ ಶಕ್ತಿಯೂ ಆಮ್ಲವನ್ನು ಅಡಗಿಸುವ ಅದರ ಕ್ಷಾರಗುಣವೂ ತೀರಿದ ಮೇಲೆ ಅದನ್ನು ಹೊರಹಾಕಲೇಬೇಕು.

ಈ ವಿದ್ಯೆ ದಿಲ್ಲಿಗೆ ಬಂದು ನೆಲೆಯೂರಿದ್ದು ಎರಡು ಮಹಾವಿಪತ್ತುಗಳ ಬೆನ್ನಿನಲ್ಲಿ. ಒಂದು, ಎರಡನೆಯ ಮಹಾಯುದ್ಧ. ಅದು ಮುಗಿದಾಗ ಸೈನ್ಯಕ್ಕೆ ಬೇಡವಾಗಿ ಹರಾಜಾದ ಜೀಪುಗಳೂ ಲಾರಿಗಳೂ ಮೋಟಾರ್ ಸೈಕಲ್ಲುಗಳೂ ಉತ್ತರ ಹಿಂದೂಸ್ಥಾನದ ಪೇಟೆಗಳನ್ನು ತುಂಬಿದುವು. ಮತ್ತೊಂದು, ದೇಶವಿಭಜನೆ. 1941ರ ಜನಗಣತಿಯಲ್ಲಿ ಒಂಬತ್ತು ಲಕ್ಷ ಚಿಲ್ಲರೆಯಷ್ಟಿದ್ದ ದಿಲ್ಲಿಯ ಜನಸಂಖ್ಯೆ 1951ರಲ್ಲಿ ಹದಿನೇಳು ಲಕ್ಷವನ್ನು ಮೀರಿತು. ಹೊಸದಾಗಿ ಬಂದವರಲ್ಲಿ ಸುಮಾರು ಐದು ಲಕ್ಷ ಜನ ಪಶ್ಚಿಮ ಪಂಜಾಬ್, ಸಿಂಧ್, ವಾಯವ್ಯ ಗಡಿನಾಡುಗಳಿಂದ ಮನೆಮಠಗಳನ್ನು ತೊರೆದು ಬಂದ ನಿರಾಶ್ರಿತರು. ಹೊಲವಿಲ್ಲ, ಅಂಗಡಿಯಿಲ್ಲ, ಇದ್ದದ್ದು ಎರಡು ಕೈಗಳು. ಆ ಕೈಗಳಲ್ಲಿ ಅನೇಕವು ಯುದ್ಧಶೇಷದ ಎಂಜಿನ್ನುಗಳನ್ನು ಬಿಚ್ಚಿ ಕಟ್ಟಿ ಜೀವನದ ದಾರಿಯನ್ನು ಕಂಡುಕೊಂಡುವು. ಯುದ್ಧಕಾಲದ ಹಾರ್ಲೆ ಡೇವಿಡ್‌ಸನ್ ಮೋಟಾರ್ ಸೈಕಲ್ಲುಗಳಿಗೆ ಹಿಂದುಗಡೆ ಆಸನಗಳ ಚೌಕಟ್ಟನ್ನು ಬೆಸೆದು, ಕನಾಟ್ ಪ್ಲೇಸಿಗೂ ಕೆಂಪುಕೋಟೆಯ ಕಡೆಗೂ ಜನರನ್ನು ಸಾಗಿಸಿದ ಫಟ್‌ಫಟಿಗಳು ಈ ಕಾಲದ ಸೃಷ್ಟಿ. ಬರಬರುತ್ತ ಅವುಗಳ ಪೆಟ್ರೋಲ್ ಎಂಜಿನ್ನು ಸವೆದುಹೋದಾಗ, ಹೊಲಕ್ಕೆ ನೀರೆತ್ತುವ ಡೀಸೆಲ್ ಎಂಜಿನ್ನುಗಳನ್ನೇ ಅವಕ್ಕೆ ಕೂರಿಸಿ ಶತಮಾನದ ಕೊನೆಯವರೆಗೂ ಓಡಿಸಿದರು. ಅಂಥ ನೀರೆತ್ತುವ ಎಂಜಿನ್ನಿನ ಮಾತು ಬಂದಾಗ ಕನ್ನಡಿಗನಿಗೆ ಬೆಳಗಾವಿಯ ನೆನಪಾಗದಿರದು: ಅಲ್ಲಿ 1888ರಲ್ಲಿ ಒಂದು ಸೈಕಲ್ ಅಂಗಡಿಯಿಂದ ಹೊರಟ ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ಯಮವೇ 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಕಂಪೆನಿಯಾಗಿ ಬೆಳೆದು, ದೇಶದ ಉದ್ದಗಲಕ್ಕೂ ರೈತನಿಗೆ ಡೀಸೆಲ್ಲಿನ ಪರಿಚಯವನ್ನು ಮಾಡಿಸಿತು.

ಈ ಚರಿತ್ರೆಯಲ್ಲಿ ಅತ್ಯಂತ ಹೃದಯಂಗಮವಾದ ಅಧ್ಯಾಯ ದಿಲ್ಲಿಯ ದಕ್ಷಿಣಕ್ಕಿರುವ ಫರೀದಾಬಾದಿನದು. ಬನ್ನು, ಡೇರಾ ಇಸ್ಮಾಯಿಲ್ ಖಾನ್, ಪೇಶಾವರ ಮೊದಲಾದ ಗಡಿಪ್ರದೇಶಗಳಿಂದ ಬಂದ ಸುಮಾರು ಮೂವತ್ತು ಸಾವಿರ ಮಂದಿಗಾಗಿ 1949ರಿಂದ ಅಲ್ಲಿ ಒಂದು ಹೊಸ ಪಟ್ಟಣವನ್ನು ಕಟ್ಟಲಾಯಿತು. ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ನಮ್ಮ ಕಮಲಾದೇವಿ ಚಟ್ಟೋಪಾಧ್ಯಾಯರು 1948ರಲ್ಲಿ ಹುಟ್ಟುಹಾಕಿದ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಈ ಕಾರ್ಯಕ್ಕೆ ಹೆಗಲು ಕೊಟ್ಟಿತು. ನಿರಾಶ್ರಿತರು ಭಿಕ್ಷೆಯನ್ನು ನೆಚ್ಚಿ ಕೂರಬಾರದು, ತಮ್ಮ ಊರನ್ನು ತಾವೇ ಕಟ್ಟಿಕೊಳ್ಳಬೇಕು ಎಂಬುದು ಆ ಸಂಸ್ಥೆಯ ತತ್ತ್ವ. ಪಟ್ಟಣಕ್ಕೆ ವಿದ್ಯುತ್ತು ಬೇಕಾದಾಗ, ಜರ್ಮನಿಯಿಂದ ಯುದ್ಧಪರಿಹಾರವಾಗಿ ಬಂದು ಕಲ್ಕತ್ತೆಯಲ್ಲಿ ಕೇಳುವವರಿಲ್ಲದೆ ಬಿದ್ದಿದ್ದ ಡೀಸೆಲ್ ವಿದ್ಯುದ್ಯಂತ್ರವೊಂದನ್ನು ಅಲ್ಲಿಗೆ ತರಿಸಿದರು. ಅದನ್ನು ಜೋಡಿಸುವ ನುರಿತ ತಂಡ ದೊರೆಯಲಿಲ್ಲ; ಒಬ್ಬ ಜರ್ಮನ್ ಎಂಜಿನಿಯರನ ಮಾರ್ಗದರ್ಶನದಲ್ಲಿ, ಅಲ್ಲಿಯವರೆಗೆ ಅಂಥ ಯಂತ್ರವನ್ನು ಕಣ್ಣಿನಿಂದಲೂ ಕಾಣದಿದ್ದ ನಿರಾಶ್ರಿತ ಯುವಕರೇ ಅದನ್ನು ಕೆಲವೇ ತಿಂಗಳುಗಳಲ್ಲಿ ನಿಲ್ಲಿಸಿದರು. ಪ್ರಧಾನಮಂತ್ರಿ ನೆಹರೂ ಅವರು ಬಂದು ಗುಂಡಿಯನ್ನು ಒತ್ತಿದಾಗ ಊರು ಬೆಳಗಿತು. ಮನೆಯನ್ನು ಕಳೆದುಕೊಂಡು ಬಂದ ಹುಡುಗರು ಒಂದು ಡೀಸೆಲ್ ಯಂತ್ರಕ್ಕೆ ಎಣ್ಣೆಯೂಡಿ, ಅದನ್ನು ಉಸಿರಾಡಿಸಿ, ಒಂದು ಪಟ್ಟಣಕ್ಕೇ ಬೆಳಕನ್ನಿತ್ತರೆಂಬ ಸಂಗತಿಯನ್ನು ಯಾವ ಕೋಟೆಯ ಕಥೆಗಿಂತಲೂ ಕಡಮೆಯೆಂದು ನಾನು ಭಾವಿಸಲಾರೆ.

ಅದೇ ಫರೀದಾಬಾದಿನಲ್ಲಿ 1959ರ ಏಪ್ರಿಲ್ 24ರಂದು ಭಾರತದಲ್ಲಿ ತಯಾರಾದ ಮೊದಲನೆಯ ಟ್ರ್ಯಾಕ್ಟರು ಐಷರ್ ಕಾರ್ಖಾನೆಯಿಂದ ಹೊರಬಂದಿತು, ಅದೂ ಡೀಸೆಲ್ಲಿನದೇ. 1972ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ತನ್ನ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ್ದೂ ಅಲ್ಲಿಯೇ. ಎಂಜಿನ್ ಎಣ್ಣೆಗಳ ಸಂಯೋಜನೆಯನ್ನು ಪರದೇಶದ ಕಂಪೆನಿಗಳಿಂದ ಎರವಲು ತರುವುದನ್ನು ತಪ್ಪಿಸಿ ನಮ್ಮ ಹವೆಗೂ ನಮ್ಮ ರಸ್ತೆಗೂ ತಕ್ಕ ಎಣ್ಣೆಗಳನ್ನು ರೂಪಿಸುವ ಕೆಲಸವನ್ನು ಅದು ಕೈಗೊಂಡಿತು, ಸರ್ವೋ ಎಂಬ ಹೆಸರು ಅದೇ ವರ್ಷ ಮಾರುಕಟ್ಟೆಗೆ ಬಂದಿತು. ಹೀಗೆ ಯಂತ್ರ, ಅದನ್ನು ನಡೆಸುವ ಕೈ, ಅದಕ್ಕೆ ಬೇಕಾದ ಎಣ್ಣೆಯ ಶಾಸ್ತ್ರ, ಮೂರೂ ಕಾಲು ಶತಮಾನದೊಳಗೆ ಒಂದೇ ನಿರಾಶ್ರಿತರ ಪಟ್ಟಣದಲ್ಲಿ ಕೂಡಿಬಂದುವು.

ದಿಲ್ಲಿ ನಗರದೊಳಗೆ ಈ ಕಸುಬಿನ ತವರು ಕಾಶ್ಮೀರಿ ಗೇಟು. ಆಂಗ್ಲರ ಆಳ್ವಿಕೆಯಲ್ಲಿ ಸಿವಿಲ್ ಲೈನ್ಸಿನ ಸಾಹೇಬರು ಸಾಮಾನು ಕೊಳ್ಳಲು ಬರುತ್ತಿದ್ದ ಆ ಪ್ರದೇಶ, ಹೊಸದಿಲ್ಲಿ ಬೆಳೆದು ಅವರ ವ್ಯಾಪಾರವೆಲ್ಲ ಕನಾಟ್ ಪ್ಲೇಸಿಗೆ ಸರಿದ ಮೇಲೆ ಕ್ರಮೇಣ ಮೋಟಾರಿನ ಬಿಡಿಭಾಗಗಳ ಪೇಟೆಯಾಯಿತು. ಇಂದು ಮೋರಿ ಗೇಟಿನವರೆಗೂ ಹಬ್ಬಿರುವ ಆ ಗಲ್ಲಿಗಳಲ್ಲಿ ಯಾವ ಗಾಡಿಯ ಫಿಲ್ಟರು ಕೇಳಿದರೂ, ಯಾವ ಅಳತೆಯ ತಾಮ್ರದ ವಾಷರು ಕೇಳಿದರೂ ಇಲ್ಲವೆನ್ನುವವರಿಲ್ಲ. 1954ರಲ್ಲಿ ಟಾಟಾ ಸಂಸ್ಥೆಯು ಜರ್ಮನಿಯ ಡೈಮ್ಲರ್ ಬೆನ್ಜ್ ಕಂಪೆನಿಯೊಡನೆ ಕೂಡಿ ಜಮ್‌ಶೆಡ್‌ಪುರದಲ್ಲಿ ಡೀಸೆಲ್ ಲಾರಿಗಳನ್ನು ತಯಾರಿಸತೊಡಗಿದ ತರುವಾಯ, ಗ್ರ್ಯಾಂಡ್ ಟ್ರಂಕ್ ರಸ್ತೆಯ ಮೇಲೆ ಪಂಜಾಬಿನಿಂದ ಬಂಗಾಲದವರೆಗೆ ಓಡುವ ಲಾರಿಗಳಿಗೆಲ್ಲ ದಿಲ್ಲಿಯೇ ನಡುದಾರಿಯ ತಂಗುದಾಣವಾಯಿತು. ಲಾರಿಯಲ್ಲಿ ಡ್ರೈವರನೊಡನೆ ಒಬ್ಬ ಕ್ಲೀನರು. ಗ್ಯಾರೇಜಿನಲ್ಲಿ ಉಸ್ತಾದನೊಡನೆ ಒಬ್ಬ ಶಾಗಿರ್ದ. ಈ ಎರಡು ಜೋಡಿಗಳೇ ಆ ಕಾಲದ ತಾಂತ್ರಿಕ ವಿದ್ಯಾಲಯಗಳು. ಹುಡುಗನು ಮೊದಲು ಚಹಾ ತರಬೇಕು, ಪಾನಾಗಳನ್ನು, ಎಂದರೆ ಸ್ಪ್ಯಾನರುಗಳನ್ನು, ಒರೆಸಿ ಅಳತೆಯ ಕ್ರಮದಲ್ಲಿ ಜೋಡಿಸಿಡಬೇಕು, ಸೀಮೆಎಣ್ಣೆಯಲ್ಲಿ ಭಾಗಗಳನ್ನು ತೊಳೆಯಬೇಕು. ಹಲವು ತಿಂಗಳು ಹೀಗೆ ಕಳೆದ ಮೇಲೆ ಒಂದು ದಿನ ಉಸ್ತಾದನು ಗಾಡಿಯ ಕೆಳಕ್ಕೆ ಬೆರಳು ತೋರಿಸಿ "ಇಂದು ಮೊಬಿಲ್ ಎಣ್ಣೆ ನೀನೇ ಬದಲಿಸು, ಬೇಟಾ" ಎನ್ನುವನು. ಎಂಜಿನ್ನಿನೊಡನೆ ಆ ಹುಡುಗನ ನೇರ ಸಂಬಂಧ ಆರಂಭವಾಗುವುದು ಆ ಮಾತಿನಿಂದ. ಈ ಸಾರಿಗೆಯ ಜನರಲ್ಲಿ ಅನೇಕರಾಗಿದ್ದ ಸಿಖ್ಖರು 1984ರ ನವೆಂಬರಿನ ಸಿಖ್ ವಿರೋಧಿ ಹತ್ಯಾಕಾಂಡದಲ್ಲಿ ಅನುಭವಿಸಿದ ಘೋರವನ್ನೂ ಇಲ್ಲಿ ಸ್ಮರಿಸದೆ ಮುಂದುವರಿಯುವುದು ಅನ್ಯಾಯವಾದೀತು. ಎಷ್ಟೋ ಲಾರಿಗಳೂ ಟ್ಯಾಕ್ಸಿಗಳೂ ಸುಟ್ಟುಹೋದುವು, ಎಷ್ಟೋ ಕೈಗಳು ಮರಳಿ ಪಾನಾ ಹಿಡಿಯಲಿಲ್ಲ.

ಆ ಮೊದಲನೆಯ ಪಾಠವೇನೆಂಬುದನ್ನು ಸಮೀಪದಿಂದ ನೋಡೋಣ. ಏಕೆಂದರೆ ಇಂದು ಪಿಕಪ್ಪಿನ ಒಡೆಯನು ತಾನಾಗಿ ಈ ಕೆಲಸಕ್ಕೆ ಕೈಹಾಕಿದರೂ ಕ್ರಮ ಅದೇ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಚಕ್ರಕ್ಕೆ ಇಟ್ಟಿಗೆಯ ಅಡ್ಡ ಕೊಟ್ಟು, ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ ಆರಿಸಬೇಕು. ಬೆಚ್ಚಗಾದ ಎಣ್ಣೆ ತೆಳುವಾಗಿ, ತಳದ ಕೊಳೆಯನ್ನೂ ಎಬ್ಬಿಸಿಕೊಂಡು ಇಳಿಯುತ್ತದೆ. ಮೇಲಿನ ಮುಚ್ಚಳವನ್ನು ಮೊದಲು ತೆರೆದಿಟ್ಟು, ಕೆಳಗೆ ಚೇಂಬರಿನ, ಎಂದರೆ ಎಣ್ಣೆ ನಿಲ್ಲುವ ತೊಟ್ಟಿಯ, ತಳದಲ್ಲಿರುವ ಡ್ರೇನ್ ಬೋಲ್ಟಿಗೆ ರಿಂಗ್ ಪಾನಾ ಕೂಡಿಸಿ ಸಡಿಲಿಸಬೇಕು. ಕೊನೆಯ ಸುತ್ತುಗಳನ್ನು ಬೆರಳಿನಿಂದಲೇ ಬಿಡಿಸುತ್ತ, ಬೋಲ್ಟನ್ನು ಮೇಲಕ್ಕೆ ಒತ್ತಿ ಹಿಡಿದು, ಒಮ್ಮೆಲೇ ಕೈಯನ್ನು ಪಕ್ಕಕ್ಕೆ ಸರಿಸಬೇಕು. ಕಾದ ಎಣ್ಣೆ ಮೊದಲು ದೂರಕ್ಕೆ ಚಿಮ್ಮಿ ಆಮೇಲೆ ನೇರವಾಗಿ ಇಳಿಯುವುದರಿಂದ ತಟ್ಟೆಯನ್ನು ಅದರಂತೆ ಜರುಗಿಸಬೇಕು. ಧಾರೆ ಎಳೆಯಾಗಿ, ಎಳೆ ಹನಿಯಾಗಿ, ಹನಿಯ ಅಂತರ ಹಿಗ್ಗುವವರೆಗೆ ಕಾಯುವುದರಲ್ಲಿ ಅವಸರ ಸಲ್ಲದು. ಆ ವೇಳೆಯಲ್ಲಿ ಉಸ್ತಾದನು ಕರಿಯೆಣ್ಣೆಯ ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿ ಬೆಳಕಿಗೆ ಹಿಡಿಯುತ್ತಾನೆ. ಲೋಹದ ಮಿನುಗು ಕಂಡರೆ ಬೇರಿಂಗು ಸವೆಯುತ್ತಿದೆ. ಹಾಲಿನ ಬಣ್ಣ ಕಂಡರೆ ನೀರು ಸೇರಿದೆ. ತೆಳುವಾಗಿ ಡೀಸೆಲ್ ವಾಸನೆ ಬಂದರೆ ಇಂಧನ ಸೋರುತ್ತಿದೆ. ಹೊಸ ಎಂಜಿನ್ನಿನ ಮೊದಲ ಎಣ್ಣೆಯಲ್ಲಿ ಮಾತ್ರ ಅಲ್ಪಸ್ವಲ್ಪ ಮಿನುಗು ಸಹಜ, ಭಾಗಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಂಡ ಗುರುತು ಅದು.

ಅನಂತರ ಹಳೆಯ ಫಿಲ್ಟರನ್ನು ಬಿಚ್ಚಿ, ಅದರ ರಬ್ಬರ್ ಉಂಗುರವು ಎಂಜಿನ್ನಿಗೆ ಅಂಟಿ ಉಳಿದಿಲ್ಲವೆಂದು ಬೆರಳಾಡಿಸಿ ನೋಡಿ, ಹೊಸ ಫಿಲ್ಟರಿನ ಉಂಗುರಕ್ಕೆ ಹೊಸ ಎಣ್ಣೆಯನ್ನು ಸವರಿ ಕೈಯಿಂದಲೇ ಬಿಗಿಯಬೇಕು. ಬೋಲ್ಟಿಗೆ ಹೊಸ ವಾಷರನ್ನು ಹಾಕಿ ಹದವಾಗಿ ಬಿಗಿಯಬೇಕು. ತೋಳಿನ ಬಲವನ್ನೆಲ್ಲ ತೋರಿಸಿದರೆ ಚೇಂಬರಿನ ತಿರುಪಿನ ಎಳೆ ಹರಿದು, ಒಂದು ಗಂಟೆಯ ಕೆಲಸ ಒಂದು ವಾರದ ಸಂಕಟವಾಗುತ್ತದೆ. ಗಾಡಿಯ ಪುಸ್ತಕದಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನು ಹೇಳಿದ ಪ್ರಮಾಣಕ್ಕಿಂತ ತುಸು ಕಡಮೆಯಾಗಿ ಹುಯ್ದು, ಎಂಜಿನ್ನನ್ನು ಚಾಲೂ ಮಾಡಿ, ಎಣ್ಣೆಯ ಒತ್ತಡದ ಕೆಂಪು ದೀಪ ಆರಿತೆಂಬುದನ್ನು ಕಂಡು, ನಿಲ್ಲಿಸಿ, ಎಣ್ಣೆ ಕೆಳಗಿಳಿದ ಮೇಲೆ ಎಣ್ಣೆಯ ಮಟ್ಟವನ್ನು ತೋರಿಸುವ ಗೇಜುಕಡ್ಡಿಯನ್ನು ಒರೆಸಿ ಅದ್ದಿ ಎರಡು ಗುರುತುಗಳ ನಡುವೆ ಮೇಲಿನದಕ್ಕೆ ಸಮೀಪವಾಗಿ ನಿಲ್ಲುವಂತೆ ತುಂಬಬೇಕು. ಇಷ್ಟೇ ವಿದ್ಯೆ. ಆದರೆ ಇಷ್ಟನ್ನು ತನ್ನ ಕೈಯಿಂದ ಮಾಡಿದವನು ಆ ಬಳಿಕ ತನ್ನ ಗಾಡಿಯ ಸದ್ದನ್ನು ಬೇರೆಯಾಗಿಯೇ ಕೇಳುತ್ತಾನೆ.

1980ರ ದಶಕದಲ್ಲಿ ಈ ಲೋಕ ಎರಡು ದಿಕ್ಕಿನಿಂದ ಬದಲಾಯಿತು. ಒಂದು ಕಡೆ ಜಪಾನೀ ಸಹಯೋಗದ ಹಗುರವಾದ ಡೀಸೆಲ್ ಟ್ರಕ್ಕುಗಳೂ, ಅವಕ್ಕೆ ಉತ್ತರವಾಗಿ 1986ರಲ್ಲಿ ಟಾಟಾ 407, 1988ರಲ್ಲಿ ಟಾಟಾಮೊಬೈಲ್ ಪಿಕಪ್ಪು, ಮುಂದೆ 2005ರಲ್ಲಿ ಪುಟ್ಟ ಟಾಟಾ ಏಸ್ ಇವುಗಳೂ ಬಂದು, ಸ್ವಂತ ಗಾಡಿಯನ್ನು ಹೊಂದುವ ಭಾಗ್ಯವನ್ನು ಸಣ್ಣ ಮನುಷ್ಯನಿಗೆ ದೊರಕಿಸಿದುವು. ಮತ್ತೊಂದು ಕಡೆ 1983ರ ಡಿಸೆಂಬರಿನಲ್ಲಿ ಗುಡಗಾಂವಿನಿಂದ ಹೊರಟ ಮಾರುತಿ ಕಾರಿನೊಡನೆ, ಗಾಡಿಯನ್ನು ಕಂಪೆನಿಯ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಿ ಒಡೆಯನು ಹೊರಗಿನ ಕುರ್ಚಿಯಲ್ಲಿ ಕೂತು ಕಾಯುವ ಪದ್ಧತಿ ರೂಢಿಯಾಯಿತು. ಇದರಿಂದ ಅನುಕೂಲವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಡೆಯನಿಗೂ ಎಂಜಿನ್ನಿಗೂ ನಡುವೆ ಒಂದು ಗಾಜಿನ ಗೋಡೆ ಎದ್ದಿತೆಂಬುದೂ ಸತ್ಯ.

ಇಷ್ಟರಲ್ಲಿ ದಿಲ್ಲಿಯ ಗಾಳಿ ಡೀಸೆಲ್ಲಿನ ಮೇಲೆ ದೋಷಾರೋಪಣೆಗೆ ತೊಡಗಿತ್ತು, ಅದು ನ್ಯಾಯವೂ ಆಗಿತ್ತು. 1985ರಲ್ಲಿ ಎಂ. ಸಿ. ಮೆಹ್ತಾ ಅವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1998ರ ಜುಲೈ 28ರಂದು ನಗರದ ಬಸ್ಸುಗಳೆಲ್ಲ ಸಿಎನ್‌ಜಿಗೆ ಮಾರ್ಪಡಬೇಕೆಂದು ಆದೇಶವಿತ್ತಿತು. ನಗರದ ಸಣ್ಣ ಸರಕುಗಾಡಿಗಳೂ ಬಹುಮಟ್ಟಿಗೆ ಅದೇ ದಾರಿಯನ್ನು ಹಿಡಿದ ಕಾರಣ, ಇಂದು ದಿಲ್ಲಿಯ ರಸ್ತೆಯಲ್ಲಿ ಕಾಣುವ ಡೀಸೆಲ್ ಪಿಕಪ್ಪುಗಳ ಮೇಲೆ ಹೆಚ್ಚಾಗಿ ಹರಿಯಾಣ, ಉತ್ತರಪ್ರದೇಶಗಳ ಸಂಖ್ಯಾಫಲಕವಿರುತ್ತದೆ. 2015ರ ಏಪ್ರಿಲಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ರಾಜಧಾನಿ ವಲಯದಲ್ಲಿ ಓಡಬಾರದೆಂದಿತು; 2018ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು, 2025ರಲ್ಲಿ ಮಾತ್ರ ಆ ಬಿಗಿಯನ್ನು ಕೊಂಚ ಸಡಿಲಿಸಿತು. ಇಂಧನವೂ ಶುದ್ಧವಾಗುತ್ತ ಬಂದಿತು: 1990ರ ದಶಕದ ಮೊದಲಲ್ಲಿ ನೂರಕ್ಕೆ ಒಂದು ಪಾಲಿನವರೆಗೂ ಇರಬಹುದಾಗಿದ್ದ ಗಂಧಕ, 2018ರ ಏಪ್ರಿಲಿನಿಂದ ದಿಲ್ಲಿಯ ಡೀಸೆಲ್ಲಿನಲ್ಲಿ ಹತ್ತು ಲಕ್ಷಕ್ಕೆ ಹತ್ತು ಪಾಲನ್ನು ಮೀರಕೂಡದೆಂದಾಯಿತು. ಗಂಧಕದಿಂದ ಎಣ್ಣೆಯಲ್ಲಿ ಹುಟ್ಟುತ್ತಿದ್ದ ಆಮ್ಲ ತಗ್ಗಿದ್ದರಿಂದ ಎಣ್ಣೆಯ ಆಯುಸ್ಸೂ ಬೆಳೆಯಿತು. ಆದರೆ ಹೊಗೆಯ ಮಿತಿಯನ್ನು ವಿಧಿಸುವ ಬಿಎಸ್ 6 ಮಾನದಂಡದ ಗಾಡಿಗಳ ಹೊಗೆಯ ಫಿಲ್ಟರು ಬೂದಿಯಂಶ ಕಡಮೆಯಿರುವ ಎಣ್ಣೆಯನ್ನೇ ಬೇಡುತ್ತದೆ. ಅಂಗಡಿಯಲ್ಲಿ ಅಗ್ಗವಾಗಿ ದೊರೆತದ್ದನ್ನು ಹುಯ್ದು ಮುಗಿಸುವ ಕಾಲ ಹೋಯಿತು. ಮೊದಲ ಬಾರಿಗೆ ಎಣ್ಣೆ ಬದಲಿಸುವವನು ಪಾನಾ ಹಿಡಿಯುವ ಮುನ್ನ ಪುಸ್ತಕವನ್ನು ಓದತಕ್ಕದ್ದು.

ಇನ್ನು ಉಳಿದದ್ದು ತಟ್ಟೆಯಲ್ಲಿ ನಿಂತ ಕರಿಯೆಣ್ಣೆಯ ವಿಚಾರ. ಹಿಂದಿನ ಉಸ್ತಾದರು ಇದನ್ನು ಸಮಸ್ಯೆಯೆಂದೇ ಬಗೆಯಲಿಲ್ಲ. ಧೂಳಡಗಲೆಂದು ಗ್ಯಾರೇಜಿನ ಅಂಗಳಕ್ಕೆ ಎರಚಿದರು, ಗೆದ್ದಲಿಗೆಂದು ಮರಕ್ಕೆ ಬಳಿದರು, ಉಳಿದದ್ದು ಚರಂಡಿಯನ್ನು ಸೇರಿತು. ದಿಲ್ಲಿಯ ಚರಂಡಿಗಳು ಕಟ್ಟಕಡೆಗೆ ಹೋಗಿ ಬೀಳುವುದು ಯಮುನೆಗೆ. ಸೀಸ, ಸತು ಮುಂತಾದ ಲೋಹಗಳ ಕಣಗಳನ್ನೂ ಅರೆಬೆಂದ ಇಂಧನದ ವಿಷವನ್ನೂ ಹೊತ್ತ ಈ ಎಣ್ಣೆಯನ್ನು ಕಾನೂನು ಅಪಾಯಕಾರೀ ತ್ಯಾಜ್ಯವೆಂದು ಗಣಿಸುತ್ತದೆ. 2016ರ ನಿಯಮಗಳಂತೆ ಇದನ್ನು ನೋಂದಾಯಿತ ಸಂಸ್ಕಾರಕರಿಗೇ ಒಪ್ಪಿಸಬೇಕು, ಮತ್ತು 2024ರ ಏಪ್ರಿಲಿನಿಂದ ಎಣ್ಣೆಯನ್ನು ತಯಾರಿಸಿ ಮಾರುವವರ ಮೇಲೆಯೇ ಬಳಸಿದ ಎಣ್ಣೆಯ ಮರುಸಂಸ್ಕಾರದ ಹೊಣೆಯನ್ನು ವರ್ಷ ವರ್ಷಕ್ಕೂ ಹೆಚ್ಚಾಗುವಂತೆ ಹೊರಿಸಲಾಗಿದೆ. ಸರಿಯಾಗಿ ಸಂಸ್ಕರಿಸಿದರೆ ಇದರಿಂದಲೇ ಮತ್ತೆ ಉತ್ತಮವಾದ ಮೂಲತೈಲ ದೊರೆಯುತ್ತದೆ. ಹಾದಿಯ ಗುಜರಿಯವನ ಕೈಗೆ ಕೊಟ್ಟರೆ ಅದೇ ಎಣ್ಣೆ ಅರೆಬರೆ ಸೋಸಲ್ಪಟ್ಟು, ಹೊಳೆಯುವ ಡಬ್ಬಿಯನ್ನು ಹೊಕ್ಕು, ಮತ್ತೊಬ್ಬ ಬಡವನ ಎಂಜಿನ್ನನ್ನು ಕೆಡಿಸಲು ಹಿಂತಿರುಗಬಹುದು.

ಆದಕಾರಣ ಪಿಕಪ್ಪಿನ ಒಡೆಯರಲ್ಲಿ, ಅವರು ಫರೀದಾಬಾದಿನವರಾಗಲಿ ಹುಬ್ಬಳ್ಳಿಯವರಾಗಲಿ, ನನ್ನದೊಂದು ವಿನಂತಿ. ಮುಂದೆ ಯಾರ ಕೈಯಿಂದ ಮಾಡಿಸಿದರೂ ಚಿಂತೆಯಿಲ್ಲ, ಒಂದು ಬಾರಿಯಾದರೂ ತಿಳಿದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನಿಮ್ಮ ಗಾಡಿಯ ಎಣ್ಣೆಯನ್ನು ನೀವೇ ಬದಲಿಸಿ. ಮನೆಯ ಮಗನನ್ನೂ ಮಗಳನ್ನೂ ಹತ್ತಿರ ಕೂರಿಸಿಕೊಂಡು ತೋರಿಸಿ. ಇಳಿದ ಎಣ್ಣೆಯ ಒಂದು ಹನಿಯೂ ನೆಲಕ್ಕೆ ಬೀಳದಂತೆ ಡಬ್ಬಿಯಲ್ಲಿ ತುಂಬಿ, ನೋಂದಾಯಿತ ಸಂಗ್ರಾಹಕರಿಗೆ ಅದನ್ನು ಸಲ್ಲಿಸುವ ಸರ್ವಿಸ್ ಕೇಂದ್ರವನ್ನು ಕೇಳಿ ತಿಳಿದು, ಅಲ್ಲಿಗೇ ಒಪ್ಪಿಸಿ. ಗಾಡಿಯನ್ನು ಸಲಹುವ ವಿದ್ಯೆಯನ್ನು ಹಳೆಯ ಉಸ್ತಾದರು ನಮಗೆ ಪೂರ್ತಿಯಾಗಿ ಕೊಟ್ಟುಹೋಗಿದ್ದಾರೆ. ನೆಲವನ್ನೂ ನೀರನ್ನೂ ಕಾಯುವ ಭಾಗವನ್ನು ಅದಕ್ಕೆ ಸೇರಿಸಬೇಕಾದವರು ನಾವು.